ಹಳೆಯ ಮನೆಗಳಿಗೆ ಮರದ ಮಾದರಿಯ ನೆಲಹಾಸು

ಮರದ ಮಾದರಿಯ ನೆಲಹಾಸು ಎಂದರೆ ಮರದ ಹಲಗೆಯ ಬಣ್ಣ, ಎಳೆ ಮತ್ತು ಆಕಾರವನ್ನು ಹೊಂದಿರುವ ನೆಲದ ಹೊದಿಕೆ. ಅಪ್ಪಟ ಮರದ ಹಲಗೆ, ಪದರಮರ, ಲ್ಯಾಮಿನೇಟ್, ವಿನೈಲ್ ಹಾಗೂ ಮರದ ಚಿತ್ರವನ್ನು ಮುದ್ರಿಸಿದ ವಿಟ್ರಿಫೈಡ್ ಟೈಲ್ ಇದರ ಮುಖ್ಯ ಬಗೆಗಳು. ಹೊಸ ಕಾಂಕ್ರೀಟ್ ಮನೆಗಳಲ್ಲಿ ಇವುಗಳ ಆಯ್ಕೆಯು ಬಹುಮಟ್ಟಿಗೆ ಬೆಲೆ ಮತ್ತು ಅಭಿರುಚಿಗೆ ಸಂಬಂಧಿಸಿದ್ದಾಗಿರುತ್ತದೆ. ಮಣ್ಣು, ಕಲ್ಲು ಮತ್ತು ಮರದಿಂದ ಕಟ್ಟಿದ ಹಳೆಯ ಮನೆಗಳಲ್ಲಿ ಹೊದಿಕೆಯ ಕೆಳಗಿರುವ ನೆಲದ ಸ್ಥಿತಿಯೇ ಆಯ್ಕೆಯನ್ನು ನಿರ್ಧರಿಸುತ್ತದೆ. ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲೂಕುಗಳಲ್ಲಿ, ಹಲಗೇರಿಯಂತಹ ದೊಡ್ಡ ಹಳ್ಳಿಗಳಲ್ಲಿ, ಇಂತಹ ಮನೆಗಳು ಇಂದಿಗೂ ವಾಸಕ್ಕೆ ಬಳಕೆಯಲ್ಲಿವೆ. ಈ ಲೇಖನದಲ್ಲಿ ಅವುಗಳನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಹಿನ್ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲೆಯ ಪಶ್ಚಿಮದ ಹಾನಗಲ್ ಮತ್ತು ಶಿಗ್ಗಾಂವಿ ಭಾಗಗಳು ಮಲೆನಾಡಿನ ಸೆರಗಿನಲ್ಲಿದ್ದು ಹೆಚ್ಚು ಮಳೆ ಪಡೆಯುತ್ತವೆ. ಪೂರ್ವದ ರಾಣೇಬೆನ್ನೂರು ಭಾಗವು ಬಯಲುಸೀಮೆಯ ಲಕ್ಷಣ ಹೊಂದಿದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಒಣ ಬಿಸಿಲು, ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ತೇವ ಇಲ್ಲಿನ ಸಾಮಾನ್ಯ ಹವಾಮಾನ. ಮರವು ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ವಸ್ತುವಾದ್ದರಿಂದ ಈ ವ್ಯತ್ಯಾಸವು ನೆಲಹಾಸಿನ ಬಾಳಿಕೆಯ ಮೇಲೆ ನೇರ ಪರಿಣಾಮ ಬೀರುತ್ತದೆ.

ಈ ಪ್ರದೇಶದ ಹಳೆಯ ಮನೆಗಳಲ್ಲಿ ನೆಲಮಟ್ಟದಲ್ಲಿ ಮರದ ಹಲಗೆ ಹಾಸುವ ವಾಡಿಕೆ ಇರಲಿಲ್ಲ. ಬಡಿದು ಗಟ್ಟಿಗೊಳಿಸಿದ ಮಣ್ಣಿನ ನೆಲವನ್ನು ಸಗಣಿಯಿಂದ ಸಾರಿಸಲಾಗುತ್ತಿತ್ತು. ಅನುಕೂಲಸ್ಥರ ಮನೆಗಳಲ್ಲಿ ಕಲ್ಲಿನ ಚಪ್ಪಡಿ ಅಥವಾ ಸುಣ್ಣದ ಗಾರೆಯ ನೆಲ ಇರುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಮತ್ತು ಸಿಮೆಂಟಿಗೆ ಕೆಂಪು ಕಾವಿ ಬೆರೆಸಿದ ನೆಲಗಳು ಬಳಕೆಗೆ ಬಂದವು. ಮರವನ್ನು ಕಂಬ, ತೊಲೆ, ಜಂತಿ, ಬಾಗಿಲುವಾಡ ಮತ್ತು ಅಟ್ಟಗಳಿಗೆ ಬಳಸುತ್ತಿದ್ದರು. ದೊಡ್ಡ ವಾಡೆಗಳ ಮೇಲಂತಸ್ತಿನಲ್ಲಿ ಮಾತ್ರ ತೊಲೆಗಳ ಮೇಲೆ ಹಲಗೆ ಹೊದಿಸಿದ ನೆಲ ಕಂಡುಬರುತ್ತದೆ. ಆದ್ದರಿಂದ ಇಂದು ಪಡಸಾಲೆಯಲ್ಲಿ ಹಾಸುವ ಮರದ ಮಾದರಿಯ ನೆಲವು ಹಳೆಯದರ ಪುನರುಜ್ಜೀವನವಲ್ಲ. ಅದು ಹೊಸ ರೂಢಿಯಾಗಿದ್ದು, ಮನೆಯ ಮೂಲ ರಚನೆಯಲ್ಲಿ ಅದಕ್ಕೆ ಸಿದ್ಧತೆ ಇರುವುದಿಲ್ಲ.

ಹಳೆಯ ನೆಲದ ಕೆಳಗಿನ ಸ್ಥಿತಿ

ತೇವ

ಇಂದಿನ ಕಟ್ಟಡಗಳಲ್ಲಿ ತಳಪಾಯದ ಮೇಲ್ಭಾಗದಲ್ಲಿ ತೇವ ತಡೆಯುವ ಪದರವನ್ನು ಹಾಕಲಾಗುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಕಲ್ಲಿನ ತಳಪಾಯಗಳಲ್ಲಿ ಇಂತಹ ಪದರ ಇರುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಹೀರುವ ರೀತಿಯಲ್ಲಿಯೇ ಮಣ್ಣಿನ ಸೂಕ್ಷ್ಮ ರಂಧ್ರಗಳು ನೆಲದ ನೀರನ್ನು ಮೇಲಕ್ಕೆ ಎಳೆಯುತ್ತವೆ. ಸಾರಿಸಿದ ನೆಲದಲ್ಲಿಯೂ, ಸಂದುಗಳಿರುವ ಕಲ್ಲಿನ ನೆಲದಲ್ಲಿಯೂ ಈ ತೇವ ಗಾಳಿಗೆ ಆವಿಯಾಗಿ ಹೋಗುತ್ತದೆ. ಅದರ ಮೇಲೆ ನೀರು ಬಿಡದ ಹೊದಿಕೆ ಹಾಸಿದರೆ ತೇವ ಇಲ್ಲವಾಗುವುದಿಲ್ಲ, ದಾರಿ ಬದಲಿಸುತ್ತದೆ. ನೆಲದಿಂದ ಹೊರಬೀಳಲಾರದ ತೇವವು ಗೋಡೆಗಳ ಬುಡದತ್ತ ಸರಿದು ಅಲ್ಲಿ ಮೇಲೇರುತ್ತದೆ. ಹೊಸ ನೆಲ ಹಾಸಿದ ಒಂದೆರಡು ಮಳೆಗಾಲಗಳ ನಂತರ ಗೋಡೆಯ ಬುಡದ ಗಿಲಾಯಿ ಉಬ್ಬಿ ಉದುರುವುದಕ್ಕೆ ಇದು ಪ್ರಮುಖ ಕಾರಣ. ಮಣ್ಣಿನ ಗೋಡೆಯ ಬುಡ ಸದಾ ಒದ್ದೆಯಾಗಿದ್ದರೆ ಅದರ ಭಾರ ಹೊರುವ ಶಕ್ತಿಯೇ ಕುಗ್ಗುತ್ತದೆ.

ಲವಣ

ಉತ್ತರ ಕರ್ನಾಟಕದ ಅನೇಕ ಹಳೆಯ ಮನೆಗಳಲ್ಲಿ ತಲಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಜಾಗ ಮತ್ತು ಗೋದಲಿ, ಅದರಾಚೆ ಎತ್ತರದಲ್ಲಿ ಪಡಸಾಲೆ ಇರುತ್ತವೆ. ದನಗಳನ್ನು ಹೊರಗಿನ ಕೊಟ್ಟಿಗೆಗೆ ಸಾಗಿಸಿದ ಮೇಲೆ ಈ ಜಾಗವನ್ನು ಕೋಣೆಯಾಗಿ ಮಾರ್ಪಡಿಸುವುದು ಸಾಮಾನ್ಯ. ದಶಕಗಳ ಕಾಲ ಗಂಜಲ ಇಂಗಿದ ಮಣ್ಣಿನಲ್ಲಿ ನೈಟ್ರೇಟ್ ಲವಣಗಳು ಸಂಗ್ರಹವಾಗಿರುತ್ತವೆ. ಇವು ಗಾಳಿಯ ತೇವವನ್ನೂ ಹೀರುವುದರಿಂದ ಅಂತಹ ನೆಲ ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ಈ ಭಾಗದ ಮೇಲ್ಮಣ್ಣನ್ನು ತೆಗೆದು ಹೊರಹಾಕಿ ಗರಸು ತುಂಬುವುದು ನೆಲಹಾಸಿನ ಆಯ್ಕೆಗಿಂತ ಮೊದಲು ಆಗಬೇಕಾದ ಕೆಲಸ.

ಎರೆಮಣ್ಣು ಮತ್ತು ಹಗೇವು

ಜಿಲ್ಲೆಯಲ್ಲಿ ಕೆಂಪು ಮಣ್ಣು ಮತ್ತು ಎರೆಮಣ್ಣು ಎರಡೂ ಇವೆ. ಎರೆಮಣ್ಣು ನೀರುಂಡಾಗ ಹಿಗ್ಗಿ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಎರೆಯ ಮೇಲಿರುವ ಮನೆಗಳಲ್ಲಿ ನೆಲವು ಋತುವಿಗೆ ತಕ್ಕಂತೆ ಸ್ವಲ್ಪ ಏರಿಳಿಯುವುದರಿಂದ ಗಟ್ಟಿಯಾಗಿ ಅಂಟಿಸಿದ ಉದ್ದನೆಯ ಟೈಲುಗಳು ಬಿರಿಯುವ ಸಾಧ್ಯತೆ ಹೆಚ್ಚು.

ಜೋಳ ಮುಂತಾದ ಧಾನ್ಯಗಳನ್ನು ಸಂಗ್ರಹಿಸಲು ಮನೆಯ ಮುಂದೆ ಅಥವಾ ಒಳಗೆ ತೋಡಿದ ಹಗೇವುಗಳು ಈ ಪ್ರದೇಶದ ಇನ್ನೊಂದು ವಿಶೇಷ. ಬಳಕೆ ತಪ್ಪಿದ ಹಗೇವುಗಳ ಬಾಯಿಯನ್ನು ಚಪ್ಪಡಿಯಿಂದ ಮುಚ್ಚಿ ಮೇಲೆ ಮಣ್ಣು ಹಾಕಿರುವುದುಂಟು. ನೆಲವನ್ನು ಬಡಿದಾಗ ಟೊಳ್ಳು ಸದ್ದು ಬರುವುದು, ಒಂದೆಡೆ ದುಂಡಗೆ ತಗ್ಗು ಬಿದ್ದಿರುವುದು ಇದರ ಗುರುತುಗಳು. ಬಹುಕಾಲ ಮುಚ್ಚಿದ್ದ ಹಗೇವಿನಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಿದ್ದು ಕಾರ್ಬನ್ ಡೈಆಕ್ಸೈಡ್ ತುಂಬಿರಬಹುದು. ಅದರೊಳಗೆ ಇಳಿಯುವುದು ಪ್ರಾಣಾಪಾಯಕಾರಿ. ಮೇಲಿನಿಂದಲೇ ಗರಸನ್ನು ಪದರಪದರವಾಗಿ ತುಂಬಿ ಗಟ್ಟಿಗೊಳಿಸುವುದು ಸುರಕ್ಷಿತ ಕ್ರಮ.

ಗೆದ್ದಲು

ಮಣ್ಣಿನ ಗೋಡೆ ಮತ್ತು ನೆಲದ ಮೂಲಕ ಗೆದ್ದಲು ಸುಲಭವಾಗಿ ಒಳಬರುತ್ತದೆ. ಕಟ್ಟಿದ ಮನೆಗಳಿಗೆ ಗೆದ್ದಲು ನಿರೋಧಕ ಉಪಚಾರವನ್ನು ಭಾರತೀಯ ಮಾನಕ ಐಎಸ್ 6313ರ ಮೂರನೆಯ ಭಾಗವು ವಿವರಿಸುತ್ತದೆ. ಅದರ ಪ್ರಕಾರ ಗೋಡೆ ಮತ್ತು ನೆಲ ಕೂಡುವ ಗೆರೆಯುದ್ದಕ್ಕೂ 300 ಮಿ.ಮೀ. ಅಂತರದಲ್ಲಿ 12 ಮಿ.ಮೀ. ವ್ಯಾಸದ ರಂಧ್ರಗಳನ್ನು ಕೊರೆದು, ಪ್ರತಿ ರಂಧ್ರಕ್ಕೆ ಗರಿಷ್ಠ ಒಂದು ಲೀಟರ್‌ನಂತೆ ದ್ರಾವಣ ಸುರಿಯಬೇಕು. ಹೊಸ ನೆಲ ಹಾಸಿದ ಮೇಲೆ ಅದನ್ನು ಕೊರೆಯಬೇಕಾಗುವುದರಿಂದ ಈ ಉಪಚಾರವನ್ನು ಮೊದಲೇ ಮಾಡಿಸುವುದು ಸೂಕ್ತ.

ಪರೀಕ್ಷೆ

ನೆಲದ ತೇವವನ್ನು ತಿಳಿಯಲು ಸರಳ ವಿಧಾನವೊಂದಿದೆ. ಸುಮಾರು 45 ಸೆಂ.ಮೀ. ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ಅಥವಾ ಅದರಡಿಯ ನೆಲ ಕಪ್ಪಾದರೆ ತೇವ ಮೇಲೇರುತ್ತಿದೆ ಎಂದರ್ಥ. ಕೋಣೆಯ ನಡುವೆ, ಗೋಡೆಯ ಬಳಿ ಮತ್ತು ಬಚ್ಚಲಿಗೆ ಹೊಂದಿದ ಬದಿಯಲ್ಲಿ ಪ್ರತ್ಯೇಕವಾಗಿ ಈ ಪರೀಕ್ಷೆ ಮಾಡಬೇಕು. ಏಪ್ರಿಲ್ ತಿಂಗಳಲ್ಲಿ ಒಣಗಿದ್ದ ನೆಲ ಆಗಸ್ಟ್‌ನಲ್ಲಿ ಹಾಗೆಯೇ ಇರುತ್ತದೆಂದು ಹೇಳಲಾಗದು. ಆದ್ದರಿಂದ ಒಂದು ಮಳೆಗಾಲದಲ್ಲಿ ಪರೀಕ್ಷಿಸಿ, ಅದರ ಮುಂದಿನ ಬೇಸಿಗೆಯಲ್ಲಿ ಕೆಲಸ ಆರಂಭಿಸುವುದು ಉತ್ತಮ.

ನೆಲದ ಸಮತಟ್ಟನ್ನು 2 ಮೀಟರ್ ಉದ್ದದ ನೇರವಾದ ಪಟ್ಟಿಯಿಂದ ನೋಡಬಹುದು. ಪಟ್ಟಿಯ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದಿದ್ದರೆ ಕೊಂಡಿ ಸೇರಿಸುವ ಲ್ಯಾಮಿನೇಟ್ ಮತ್ತು ವಿನೈಲ್ ಹಲಗೆಗಳು ನಡೆದಾಡುವಾಗ ಕುಸಿದು ಅವುಗಳ ಕೊಂಡಿ ಮುರಿಯುತ್ತದೆ.

ಬಗೆಗಳು

ಮರದ ಮಾದರಿಯ ಟೈಲ್

ಇದು ವಿಟ್ರಿಫೈಡ್ ಟೈಲಿನ ಮೇಲೆ ಡಿಜಿಟಲ್ ಮುದ್ರಣದಿಂದ ಮರದ ಎಳೆಯನ್ನು ಮೂಡಿಸಿದ ವಸ್ತು. ಭಾರತದಲ್ಲಿ ಇಂತಹ ಟೈಲುಗಳ ತಯಾರಿಕೆಯ ಪ್ರಮುಖ ಕೇಂದ್ರ ಗುಜರಾತಿನ ಮೋರ್ಬಿ. 200 ಮಿ.ಮೀ. ಅಗಲ ಮತ್ತು 1200 ಮಿ.ಮೀ. ಉದ್ದದ ಹಲಗೆಯಾಕಾರದ ಟೈಲುಗಳು ಹೆಚ್ಚು ಬಳಕೆಯಲ್ಲಿವೆ. ಇವು ಹೀರುವ ನೀರಿನ ಪ್ರಮಾಣ ಶೇ. 0.5ಕ್ಕಿಂತ ಕಡಿಮೆ. ನೀರು, ಗೆದ್ದಲು, ಬಿಸಿ ಪಾತ್ರೆ ಯಾವುದಕ್ಕೂ ಹಾಳಾಗುವುದಿಲ್ಲ. ಆದರೆ ಗಟ್ಟಿಯಾದ, ಅಲುಗದ ತಳ ಬೇಕು. ಉದ್ದನೆಯ ಟೈಲುಗಳು ನಡುವೆ ತುಸು ಬಾಗಿರುವುದರಿಂದ ಒಂದು ಸಾಲಿನ ಕೂಡನ್ನು ಪಕ್ಕದ ಸಾಲಿನ ಟೈಲಿನ ನಡುವಿಗೆ ತಾರದೆ, ಉದ್ದದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗದಂತೆ ಸರಿಸಿ ಜೋಡಿಸಬೇಕು. ಇಲ್ಲವಾದರೆ ಅಂಚುಗಳು ಎದ್ದು ಕಾಲಿಗೆ ತಡೆಯುತ್ತವೆ. ನುಣುಪು ಮೈಯ ಟೈಲಿಗಿಂತ ಮ್ಯಾಟ್ ಮೈಯದು ವೃದ್ಧರಿರುವ ಮನೆಗೆ ಸುರಕ್ಷಿತ. ಜಾರುವಿಕೆಯನ್ನು ಸೂಚಿಸುವ ಆರ್9, ಆರ್10 ಎಂಬ ಶ್ರೇಣಿಗಳಲ್ಲಿ ಹೆಚ್ಚಿನ ಅಂಕಿಯು ಹೆಚ್ಚಿನ ಹಿಡಿತವನ್ನು ತೋರಿಸುತ್ತದೆ.

ಲ್ಯಾಮಿನೇಟ್

ಮರದ ನಾರನ್ನು ಅಂಟಿನೊಂದಿಗೆ ಒತ್ತಿ ತಯಾರಿಸಿದ ಗಟ್ಟಿ ಹಲಗೆಯ ಮೇಲೆ ಮರದ ಚಿತ್ರವಿರುವ ಕಾಗದ, ಅದರ ಮೇಲೆ ಸವೆತ ತಡೆಯುವ ಮೆಲಮೈನ್ ಪದರ ಕೂರಿಸಿದ ವಸ್ತು ಇದು. ಸ್ವೀಡನ್ನಿನ ಪರ್ಸ್‌ಟಾರ್ಪ್ ಕಂಪನಿಯು 1977ರಲ್ಲಿ ಇದನ್ನು ರೂಪಿಸಿತು. ದಪ್ಪ 7ರಿಂದ 12 ಮಿ.ಮೀ. ಸವೆತ ತಾಳುವ ಶಕ್ತಿಯನ್ನು ಎಸಿ1ರಿಂದ ಎಸಿ5ರವರೆಗಿನ ಶ್ರೇಣಿಗಳಲ್ಲಿ ಸೂಚಿಸುತ್ತಾರೆ. ಮನೆಗಳಿಗೆ ಎಸಿ3 ಅಥವಾ ಎಸಿ4 ಸಾಕಾಗುತ್ತದೆ. ಹಗುರ, ಅಗ್ಗ, ಬೇಗ ಅಳವಡಿಸಬಹುದು. ಇದರ ದೊಡ್ಡ ದೌರ್ಬಲ್ಯ ನೀರು. ಕೂಡುಗಳಲ್ಲಿ ಇಳಿದ ನೀರಿನಿಂದ ನಾರಿನ ಹಲಗೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ತೇವ ಮೇಲೇರುವ ನೆಲಮಟ್ಟದ ಕೋಣೆಗಳಿಗೆ ಇದು ತಕ್ಕುದಲ್ಲ.

ವಿನೈಲ್ ಮತ್ತು ಎಸ್‌ಪಿಸಿ

ಪಿವಿಸಿಯನ್ನು ಮೆದುಗೊಳಿಸಿ ಬಳಸುವ ವಿಧಾನವನ್ನು ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಕಂಡುಹಿಡಿದರು. ವಿನೈಲ್ ನೆಲಹಾಸು ಸುರುಳಿ ಮತ್ತು ಹಲಗೆ ಎರಡೂ ರೂಪಗಳಲ್ಲಿ ದೊರೆಯುತ್ತದೆ. ಸುಣ್ಣಕಲ್ಲಿನ ಪುಡಿಯನ್ನು ಪಿವಿಸಿಯೊಂದಿಗೆ ಬೆರೆಸಿ ಮಾಡಿದ ಗಟ್ಟಿ ಹಲಗೆಗೆ ಎಸ್‌ಪಿಸಿ ಎಂದು ಹೆಸರು. ಇದರ ದಪ್ಪ ಸಾಮಾನ್ಯವಾಗಿ 4ರಿಂದ 6 ಮಿ.ಮೀ. ನೀರಿನಿಂದ ಹಲಗೆ ಉಬ್ಬುವುದಿಲ್ಲ, ಗೆದ್ದಲು ಇದನ್ನು ಆಹಾರವಾಗಿ ತಿನ್ನುವುದಿಲ್ಲ. ಆದರೆ ಹಲಗೆಗೆ ಹಾನಿಯಾಗುವುದಿಲ್ಲವೆಂಬ ಕಾರಣಕ್ಕೆ ಒದ್ದೆ ನೆಲದ ಮೇಲೆ ಇದನ್ನು ಹಾಸುವುದು ತಪ್ಪು. ಕೆಳಗೆ ಸಿಲುಕಿದ ತೇವದಲ್ಲಿ ಬೂಷ್ಟು ಬೆಳೆದು ವಾಸನೆ ಬರುತ್ತದೆ ಮತ್ತು ಮೇಲೆ ಹೇಳಿದಂತೆ ಗೋಡೆಗಳು ಹಾಳಾಗುತ್ತವೆ. ಬಿಸಿ ಪಾತ್ರೆ ಮತ್ತು ಉರಿಯುವ ಕೆಂಡ ಇದರ ಮೈಯನ್ನು ಸುಡುತ್ತವೆ. ಗಾಜಿನ ಹಂಚು ಅಥವಾ ತೆರೆದ ಅಂಗಳದಿಂದ ನೇರ ಬಿಸಿಲು ಬೀಳುವಲ್ಲಿ ಹಲಗೆಗಳು ಹಿಗ್ಗಿ ಏಳಬಹುದು.

ಪದರಮರ

ಮಾರುಕಟ್ಟೆಯಲ್ಲಿ ಇಂಜಿನಿಯರ್ಡ್ ವುಡ್ ಎಂದು ಕರೆಯುವ ಇದು ಪ್ಲೈವುಡ್‌ನಂತೆ ಅಡ್ಡ ಮತ್ತು ಉದ್ದ ಎಳೆಯ ಪದರಗಳನ್ನು ಅಂಟಿಸಿ, ಮೇಲೆ 2ರಿಂದ 4 ಮಿ.ಮೀ. ದಪ್ಪದ ಅಪ್ಪಟ ಮರ ಕೂರಿಸಿದ ಹಲಗೆ. ಪದರಗಳು ಒಂದನ್ನೊಂದು ಹಿಡಿದಿಡುವುದರಿಂದ ಅಪ್ಪಟ ಹಲಗೆಗಿಂತ ಕಡಿಮೆ ಹಿಗ್ಗಿ ಕುಗ್ಗುತ್ತದೆ. ಮೇಲಿನ ಪದರ ದಪ್ಪವಿದ್ದರೆ ಒಂದೆರಡು ಬಾರಿ ಉಜ್ಜಿ ಹೊಸ ಪಾಲಿಶ್ ಕೊಡಬಹುದು. ನೀರು ಮತ್ತು ಗೆದ್ದಲಿನ ಭಯ ಇದಕ್ಕೂ ಇದೆ.

ಅಪ್ಪಟ ಮರ

ತೇಗ, ಹೊನ್ನೆ, ಮತ್ತಿ, ನಂದಿ ಮುಂತಾದವು ಕರ್ನಾಟಕದಲ್ಲಿ ಪರಿಚಿತವಾದ ಮರಗಳು. ಇವುಗಳಲ್ಲಿ ತೇಗವು ತನ್ನಲ್ಲಿರುವ ಎಣ್ಣೆಯ ಅಂಶದಿಂದ ಗೆದ್ದಲನ್ನು ಚೆನ್ನಾಗಿ ತಡೆಯುತ್ತದೆ. ಈ ಗುಣ ಇರುವುದು ಚೇಗಿನಲ್ಲಿ ಮಾತ್ರ, ಬಿಳಿಯ ಹೊರಮರದಲ್ಲಿ ಅಲ್ಲ. ಉತ್ತರ ಕನ್ನಡದ ದಾಂಡೇಲಿ ಪ್ರದೇಶವು ತೇಗಕ್ಕೆ ಹೆಸರಾಗಿದ್ದು, ಅರಣ್ಯ ಇಲಾಖೆಯ ನಾಟಾ ಡಿಪೊ ಅಲ್ಲಿದೆ. ಮರದ ಖರೀದಿ ಮತ್ತು ಸಾಗಣೆ 1963ರ ಕರ್ನಾಟಕ ಅರಣ್ಯ ಅಧಿನಿಯಮಕ್ಕೆ ಒಳಪಟ್ಟಿರುವುದರಿಂದ ರಶೀದಿ ಮತ್ತು ಸಾಗಣೆ ಪರವಾನಿಗೆ ನೋಡಿ ಕೊಳ್ಳಬೇಕು. ಕೆಡವಿದ ಮನೆಗಳ ತೊಲೆ ಮತ್ತು ಜಂತಿಗಳನ್ನು ಕೊಯ್ಸಿ ಹಲಗೆ ಮಾಡಿಸುವ ಪದ್ಧತಿಯೂ ಇದೆ. ಇಂತಹ ಹಳೆಯ ಮರ ಪೂರ್ಣವಾಗಿ ಒಣಗಿರುವುದರಿಂದ ಸೊಟ್ಟಗಾಗುವುದು ಕಡಿಮೆ. ಕೊಯ್ಯುವ ಮೊದಲು ಮೊಳೆಗಳನ್ನು ತೆಗೆದು, ಹುಳು ಕೊರೆದ ರಂಧ್ರಗಳಿವೆಯೇ ಎಂದು ಪರೀಕ್ಷಿಸಬೇಕು. ಮರದಲ್ಲಿ ಇರಬಹುದಾದ ತೇವಾಂಶದ ಮಿತಿಯನ್ನು ದೇಶದ ಹವಾಮಾನ ವಲಯಗಳಿಗೆ ಅನುಗುಣವಾಗಿ ಐಎಸ್ 287 ನಿಗದಿಪಡಿಸುತ್ತದೆ.

ಮೇಲಂತಸ್ತು ಮತ್ತು ಭಾರ

ತೊಲೆಗಳ ಮೇಲೆ ನಿಂತ ಮೇಲಂತಸ್ತಿನಲ್ಲಿ ತೇವಕ್ಕಿಂತ ಭಾರವೇ ಮುಖ್ಯ ಪ್ರಶ್ನೆ. ವಾಸದ ಕೋಣೆಗಳ ನೆಲವು ಜನ ಮತ್ತು ಸಾಮಾನುಗಳಿಗಾಗಿ ಪ್ರತಿ ಚದರ ಮೀಟರ್‌ಗೆ ಸುಮಾರು 200 ಕಿ.ಗ್ರಾಂ ಭಾರ ಹೊರುವಂತಿರಬೇಕೆಂದು ಐಎಸ್ 875ರ ಎರಡನೆಯ ಭಾಗ ಹೇಳುತ್ತದೆ. ನೆಲಹಾಸಿನ ಭಾರ ಇದರ ಮೇಲೆ ಹೆಚ್ಚುವರಿ. ಪ್ರತಿ ಚದರ ಮೀಟರ್‌ಗೆ ವಿವಿಧ ಹೊದಿಕೆಗಳ ಅಂದಾಜು ಭಾರ ಹೀಗಿದೆ:

- 8 ಮಿ.ಮೀ. ಲ್ಯಾಮಿನೇಟ್: 7 ಕಿ.ಗ್ರಾಂ
- 5 ಮಿ.ಮೀ. ಎಸ್‌ಪಿಸಿ: 10 ಕಿ.ಗ್ರಾಂ
- 14 ಮಿ.ಮೀ. ಪದರಮರ: 8ರಿಂದ 10 ಕಿ.ಗ್ರಾಂ
- 20 ಮಿ.ಮೀ. ತೇಗದ ಹಲಗೆ: 13 ಕಿ.ಗ್ರಾಂ
- 9 ಮಿ.ಮೀ. ಟೈಲ್ ಮತ್ತು 40 ಮಿ.ಮೀ. ಸಿಮೆಂಟ್ ಗಾರೆ: 100 ಕಿ.ಗ್ರಾಂ

ಗಾರೆಯ ಮೇಲೆ ಟೈಲ್ ಹಾಸಿದರೆ 12 ಚದರ ಮೀಟರ್ ಕೋಣೆಯ ತೊಲೆಗಳ ಮೇಲೆ ಸುಮಾರು 1,200 ಕಿ.ಗ್ರಾಂ ಶಾಶ್ವತ ಭಾರ ಬೀಳುತ್ತದೆ. ನೂರು ವರ್ಷದ ತೊಲೆಗಳ ತುದಿಗಳು ಗೋಡೆಯೊಳಗೆ ಲಡ್ಡಾಗಿರಬಹುದಾದ್ದರಿಂದ ಇದು ಅಪಾಯಕಾರಿ. ಮೇಲಂತಸ್ತಿಗೆ ಹಗುರವಾದ ಲ್ಯಾಮಿನೇಟ್ ಅಥವಾ ಪದರಮರ ಒಪ್ಪುತ್ತದೆ. ಮೊದಲೇ ಹಲಗೆಯ ನೆಲವಿದ್ದರೆ ಸಡಿಲವಾದವನ್ನು ಬಿಗಿದು, ಹಾಳಾದವನ್ನಷ್ಟೇ ಬದಲಿಸಿ, ಉಜ್ಜಿ ಎಣ್ಣೆ ಕೊಡುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ.

ಎತ್ತರ ಮತ್ತು ಹೊಸ್ತಿಲು

ಹಳೆಯ ಮನೆಗಳ ಬಾಗಿಲುಗಳು ಗಿಡ್ಡವಾಗಿದ್ದು ಹೊಸ್ತಿಲುಗಳು ಎತ್ತರವಾಗಿರುತ್ತವೆ. ಹಳೆಯ ನೆಲದ ಮೇಲೆಯೇ ಗಾರೆ ಮತ್ತು ಟೈಲ್ ಹಾಕಿದರೆ ನೆಲ 50 ಮಿ.ಮೀ.ನಷ್ಟು ಏರುತ್ತದೆ. ಆಗ ಬಾಗಿಲ ಕದಗಳ ಬುಡ ಕೊಯ್ಯಬೇಕಾಗುತ್ತದೆ, ತಲೆ ತಾಗುವ ಭಯ ಹೆಚ್ಚುತ್ತದೆ, ಕೋಣೆಯಿಂದ ಕೋಣೆಗೆ ಸಣ್ಣ ಏರಿಳಿತಗಳು ಉಂಟಾಗುತ್ತವೆ. ವಯಸ್ಸಾದವರು ಎಡವುವುದು ಎತ್ತರದ ಹೊಸ್ತಿಲಿಗಿಂತಲೂ ಕಣ್ಣಿಗೆ ಕಾಣದ ಇಂತಹ 10–15 ಮಿ.ಮೀ. ಅಂಚುಗಳಿಗೆ. ಎತ್ತರ ವ್ಯತ್ಯಾಸವಿರುವಲ್ಲಿ ಇಳಿಜಾರು ಪಟ್ಟಿ ಅಳವಡಿಸುವುದು ಅಗತ್ಯ.

ಕೋಣೆಗೆ ತಕ್ಕ ಆಯ್ಕೆ

- ಪಡಸಾಲೆ: ಜನರ ಓಡಾಟ ಹೆಚ್ಚು. ತಳ ಗಟ್ಟಿಯಾಗಿ ಒಣಗಿದ್ದರೆ ಮ್ಯಾಟ್ ಟೈಲ್ ಸೂಕ್ತ.
- ಅಡುಗೆಮನೆ, ದೇವರಮನೆ: ನೀರು, ಎಣ್ಣೆ, ದೀಪದ ಬೆಂಕಿ ಇರುವುದರಿಂದ ಟೈಲ್ ಅಥವಾ ಕಲ್ಲು ಮಾತ್ರ.
- ಬಚ್ಚಲು: ಟೈಲ್ ಅಥವಾ ಕಲ್ಲು. ಮರ ಮತ್ತು ಲ್ಯಾಮಿನೇಟ್ ಸಲ್ಲದು.
- ಮಲಗುವ ಕೋಣೆ: ತೇವ ಪರೀಕ್ಷೆಯಲ್ಲಿ ಒಣಗಿದ್ದರೆ ಎಸ್‌ಪಿಸಿ ಅಥವಾ ಪದರಮರ. ಚಳಿಗಾಲದಲ್ಲಿ ಕಾಲಿಗೆ ಕಲ್ಲಿನಷ್ಟು ತಣ್ಣಗಿರುವುದಿಲ್ಲ.
- ದಾಸ್ತಾನು ಕೋಣೆ: ಬ್ಯಾಡಗಿ ಭಾಗದ ರೈತರ ಮನೆಗಳಲ್ಲಿ ಮೆಣಸಿನಕಾಯಿ ಸಂಗ್ರಹಿಸುವ ಕೋಣೆ ಇದು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿ ತನ್ನ ಗಾಢ ಬಣ್ಣಕ್ಕೆ ಪ್ರಸಿದ್ಧ. ಅದರ ಪುಡಿಯ ಬಣ್ಣ ಟೈಲಿನ ಸಂದುಗಳಲ್ಲಿಯೂ ಪಾಲಿಶ್ ಇಲ್ಲದ ಮರದಲ್ಲಿಯೂ ಉಳಿಯುತ್ತದೆ. ಚೀಲಗಳ ಭಾರವೂ ಇರುವುದರಿಂದ ಇಲ್ಲಿ ಹಳೆಯ ಕಲ್ಲಿನ ನೆಲವೇ ಉತ್ತಮ.

ಅಳವಡಿಕೆ

ತೇವವಿರುವ ಮಣ್ಣಿನ ನೆಲವನ್ನು ಅಗೆದು, ಗರಸನ್ನು ಗಟ್ಟಿಗೊಳಿಸಿ, ಮೇಲೆ 100ರಿಂದ 150 ಮಿ.ಮೀ. ದಪ್ಪಕ್ಕೆ ದೊಡ್ಡ ಜಲ್ಲಿ ಹಾಸಬೇಕು. ಜಲ್ಲಿಯ ನಡುವಿನ ದೊಡ್ಡ ಸಂದುಗಳಲ್ಲಿ ನೀರು ಮೇಲೇರಲಾರದು. ಅದರ ಮೇಲೆ ಸುಣ್ಣದ ಅಥವಾ ಸಿಮೆಂಟಿನ ಕಾಂಕ್ರೀಟ್ ಹಾಕುತ್ತಾರೆ. ಮಣ್ಣಿನ ಗೋಡೆಯ ಮನೆಗಳಲ್ಲಿ ತೇವವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುವ ಸುಣ್ಣದ ಕಾಂಕ್ರೀಟ್ ಹೆಚ್ಚು ಹೊಂದುತ್ತದೆ. ಅಗೆಯುವಾಗ ಗೋಡೆಯ ತಳಪಾಯದ ಕಲ್ಲುಗಳಿಗಿಂತ ಕೆಳಗೆ ಹೋಗಬಾರದು. ಮನೆಯ ಹೊರಗೆ ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡುವುದು ಒಳಗಿನ ಕೆಲಸದಷ್ಟೇ ಮುಖ್ಯ. ಎಷ್ಟೋ ಮನೆಗಳಲ್ಲಿ ರಸ್ತೆ ಏರಿದ್ದರಿಂದ ನೆಲ ತಗ್ಗಾಗಿ ನೀರು ಒಳಮುಖವಾಗುತ್ತದೆ.

ಹೊಸ ಕಾಂಕ್ರೀಟ್ ಒಣಗಲು ಸಾಮಾನ್ಯ ಲೆಕ್ಕದಲ್ಲಿ 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಬೇಕು. ಮರ ಮತ್ತು ಲ್ಯಾಮಿನೇಟ್ ಹಲಗೆಗಳ ಪೊಟ್ಟಣಗಳನ್ನು ಹಾಸುವ ಕೋಣೆಯಲ್ಲಿಯೇ ಕನಿಷ್ಠ 48 ಗಂಟೆ ಇಟ್ಟು ಅಲ್ಲಿನ ಹವೆಗೆ ಹೊಂದಿಸಬೇಕು. ಲ್ಯಾಮಿನೇಟ್ ಹಾಸುವಾಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 2–3 ಮಿ.ಮೀ. ಫೋಮ್ ಹರಡಿ, ಹಲಗೆಗಳು ಹಿಗ್ಗಲು ಗೋಡೆಯ ಸುತ್ತ 8ರಿಂದ 10 ಮಿ.ಮೀ. ಸಂದು ಬಿಡಬೇಕು. ಹಳೆಯ ಗೋಡೆಗಳು ಮೂಲೆಗಟ್ಟಾಗಿ ಇರುವುದಿಲ್ಲವಾದ್ದರಿಂದ ಕತ್ತರಿಸಿ ಹಾಳಾಗುವ ಭಾಗಕ್ಕೆ ಶೇ. 10ರಷ್ಟು ಹೆಚ್ಚುವರಿ ಸಾಮಗ್ರಿ ಕೊಳ್ಳುವುದು ರೂಢಿ.

ನಿರ್ವಹಣೆ

ಯುಗಾದಿ, ದಸರಾ, ದೀಪಾವಳಿಗಳಲ್ಲಿ ಕೊಡದಲ್ಲಿ ನೀರು ಸುರಿದು ಮನೆ ತೊಳೆಯುವುದು ಈ ಭಾಗದ ವಾಡಿಕೆ. ಈ ವಾಡಿಕೆ ಮುಂದುವರಿಯುವ ಮನೆಗಳಲ್ಲಿ ಟೈಲ್ ಮತ್ತು ಕಲ್ಲನ್ನು ಬಿಟ್ಟು ಬೇರಾವ ಹೊದಿಕೆಯೂ ಬಾಳುವುದಿಲ್ಲ. ಮರ, ಪದರಮರ ಮತ್ತು ಲ್ಯಾಮಿನೇಟ್‌ಗಳನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದಷ್ಟೇ ಒರೆಸಬೇಕು. ಮಂಚ, ಕಪಾಟುಗಳ ಕಾಲಿಗೆ ಮೆತ್ತೆ ಹಚ್ಚಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಗೋಡೆಯ ಬುಡದಲ್ಲಿ ಗೆದ್ದಲಿನ ಮಣ್ಣಿನ ಜಾಡು ಮತ್ತು ಗಿಲಾಯಿಯ ಉಬ್ಬು ಇದೆಯೇ ಎಂದು ನೋಡುವುದು ಒಳ್ಳೆಯದು.

ಹಳೆಯ ನೆಲವನ್ನು ಉಳಿಸಿಕೊಳ್ಳುವುದು

ಗಟ್ಟಿಯಾಗಿರುವ ಶಹಾಬಾದ್ ಕಲ್ಲು ಅಥವಾ ಕಾವಿ ನೆಲವನ್ನು ಒಡೆದ ಮೇಲೆ ಮತ್ತೆ ಪಡೆಯುವುದು ಕಷ್ಟ. ಕಲ್ಲಿನ ನೆಲವನ್ನು ಯಂತ್ರದಿಂದ ಉಜ್ಜಿ, ಸಂದುಗಳನ್ನು ಸುಣ್ಣದ ಗಾರೆಯಿಂದ ತುಂಬಿ ಹೊಸತಾಗಿಸಬಹುದು. ಕಾವಿ ನೆಲ ಮೇಣ ಅಥವಾ ಎಣ್ಣೆಯಿಂದ ಹೊಳಪು ಪಡೆಯುತ್ತದೆ. ಮರದ ನೋಟವೇ ಬೇಕೆನ್ನುವವರು ನೆಲಮಟ್ಟದ ಕೋಣೆಗಳಲ್ಲಿ ಹಳೆಯ ನೆಲವನ್ನು ಉಳಿಸಿ, ಒಣಗಿದ ಮೇಲಂತಸ್ತಿನಲ್ಲಿ ಮಾತ್ರ ಹಲಗೆ ಹಾಸುವುದುಂಟು. ಹಿಂದಿನ ವಾಡೆಗಳಲ್ಲಿ ಕೆಳಗೆ ಕಲ್ಲು, ಮೇಲೆ ಮರ ಎಂಬ ಕ್ರಮವಿದ್ದುದಕ್ಕೂ ಇಂದಿನ ತೇವ ಮತ್ತು ಭಾರದ ಲೆಕ್ಕಕ್ಕೂ ಹೊಂದಾಣಿಕೆ ಇದೆ.

ಇವನ್ನೂ ನೋಡಿ

- ಶಹಾಬಾದ್ ಕಲ್ಲು
- ತೇಗ
- ಗೆದ್ದಲು
- ಹಗೇವು
- ಹಾವೇರಿ ಜಿಲ್ಲೆ